ಪದ್ಯ ಅದೇ, ಅರ್ಥ ಅಂದಿನದು

ಸಹೃದಯರೇ,

ಉಡುಪಿಯಲ್ಲಿ ಆಟಿಯ, ಅಂದರೆ ತುಳುನಾಡಿನ ಮಳೆಗಾಲದ ತಿಂಗಳ, ತಿನಿಸುಗಳ ಪ್ರದರ್ಶನದ ಜೊತೆಗೆ ಈ ಉಪನ್ಯಾಸವನ್ನೂ ಇಟ್ಟುಕೊಂಡಿದ್ದೀರಿ, ಸಂತೋಷ. ಹೊರಗೆ ಪ್ರತಿಯೊಂದು ಪಾತ್ರೆಯ ಮುಂದೆಯೂ ತಿನಿಸಿನ ಹೆಸರಿನ ಚೀಟಿ ಇದೆ. ಮಾಡಿದವರ ಹೆಸರು ಒಂದರ ಮುಂದೆಯೂ ಇಲ್ಲ. ಚಿತ್ರಗಳನ್ನು ಹೀಗೆ ತೂಗುಹಾಕುತ್ತೇವೆಯೇ? ನನ್ನ ತಕರಾರು ಇಷ್ಟೇ.

ವೇಷ, ಕುಣಿತಗಳಿಲ್ಲದ ಯಕ್ಷಗಾನವಾದ ತಾಳಮದ್ದಳೆ ಕೇಳಿ ಬೆಳೆದವರು ನೀವು. ಭಾಗವತರು ಹಾಡುವ ಪದ್ಯ ಎಲ್ಲ ಕೂಟದಲ್ಲೂ ಅದೇ. ಪದ್ಯಕ್ಕೆ ಅರ್ಥ ಹೇಳುವ ಅರ್ಥಧಾರಿಯ ಮಾತು ಮಾತ್ರ ಅಂದಿನದು, ಎದುರಿಗಿರುವವರನ್ನು ನೋಡಿ ಹುಟ್ಟುವಂಥದ್ದು. ಅಕ್ಕಿ, ತೆಂಗಿನಕಾಯಿ, ಹುಳಿ, ಮೆಣಸು ಎಂಬ ಪಟ್ಟಿ ಪದ್ಯ, ಅಡುಗೆಯೇ ಅರ್ಥ. ಪಟ್ಟಿ ಬರೆದಿಟ್ಟು ಅಡುಗೆಯನ್ನು ಉಳಿಸಿದೆವು ಎಂದುಕೊಳ್ಳಬೇಡಿ.

ನನ್ನ ದೊಡ್ಡಮ್ಮನ ಪತ್ರೊಡೆಯ ಸಂಗತಿ ಹೇಳುತ್ತೇನೆ. ಮನೆ ಪಾಲಾದ ಮೇಲೆ ಅವರಿಗೂ ಓರಗಿತ್ತಿಗೂ ಮಾತಿರಲಿಲ್ಲ. ಅಂಗಳ ಒಂದೇ, ನಡುವೆ ಗೋಡೆ. ಒಂದು ಆಟಿಯಲ್ಲಿ ಓರಗಿತ್ತಿಗೆ ಹೊಟ್ಟೆನೋವು ಬಂದು ವೈದ್ಯರು ಖಾರ ಬಿಡಿಸಿದರು. ದೊಡ್ಡಮ್ಮ ಹಿತ್ತಿಲಿನಿಂದ ಕೆಸುವಿನ ಎಲೆ ತಂದು, ಹಿಂಬದಿಯ ದಪ್ಪ ನಾರನ್ನು ಚೂರಿಯಿಂದ ಸವರಿ ತೆಗೆದರು. ನೆನೆದ ಅಕ್ಕಿ ಅರೆಯುವ ಮೊದಲು ಬ್ಯಾಡಗಿ ಮೆಣಸಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬದಿಗಿಟ್ಟರು. ಹುಣಸೆಹುಳಿ ಇಳಿಸುವಂತಿಲ್ಲ, ಕೆಸುವಿನ ತುರಿಕೆ ಹುಳಿಗಲ್ಲದೆ ಬಗ್ಗುವುದಿಲ್ಲ. ಹಾಗಾಗಿ ಬೆಲ್ಲ ತುಸು ಮುಂದೆ ಬಂತು, ತೆಂಗಿನ ತುರಿ ಇನ್ನಷ್ಟು ಸೇರಿತು. ಎಲೆಯ ಮೇಲೆ ಎಲೆ ಇಟ್ಟು ಹಿಟ್ಟು ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿ ನನ್ನ ಕೈಯಲ್ಲಿ ಕಳುಹಿಸಿದರು. ಆಚೆ ಮನೆಯವರು ಒಂದು ತುಂಡು ಬಾಯಿಗಿಟ್ಟು, "ಅಕ್ಕನಿಗೆ ನನ್ನ ಹೊಟ್ಟೆಯ ವಿಷಯ ಗೊತ್ತಾಗಿದೆ" ಎಂದರು. ಬಟ್ಟಲನ್ನು ಬರಿದಾಗಿ ಮರಳಿಸಲಿಲ್ಲ. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ತುಂಬಿ ಕೊಟ್ಟರು. ಬಾಯಿಮಾತು ಶುರುವಾದದ್ದು ಚೌತಿಯ ಹೊತ್ತಿಗೆ.

ಆ ಮೆಣಸಿನ ಲೆಕ್ಕ ಯಾವ ಪಟ್ಟಿಯಲ್ಲಿದೆ? ಅದು ಅರ್ಥ, ಪದ್ಯವಲ್ಲ. ಪ್ರೀತಿಯಷ್ಟೇ ಅಲ್ಲ, ಸಿಟ್ಟೂ ಅಡುಗೆಯಲ್ಲಿ ಬರುತ್ತದೆ. ಸಿಟ್ಟಿನ ದಿನದ ಒಗ್ಗರಣೆ ಜಗಲಿಯವರೆಗೂ ಕೇಳಿಸುತ್ತದೆ. ನಗುತ್ತಿರುವ ಮಹನೀಯರಿಗೆ ಅನುಭವವಿದೆ.

ಉಡುಪಿ ಬಳಿಯ ಮಟ್ಟು ಊರಿನ ಬದನೆ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಅದರ ಬೀಜವನ್ನು ಸೋದೆ ಮಠದ ಯತಿ ವಾದಿರಾಜರು ಕೊಟ್ಟರೆಂಬ ಐತಿಹ್ಯ ನಿಮಗೆಲ್ಲ ಗೊತ್ತು. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿದ ಕಡಂದಲೆಯ ಕೃಷ್ಣ ರಾಯರ ಹೆಸರೂ ಗೊತ್ತು. ಬದುಕಿಡೀ ಗುಳ್ಳದ ಬೋಳು ಹುಳಿಯನ್ನು, ಅಂದರೆ ತೆಂಗಿನಕಾಯಿ ಹಾಕದ ಹುಳಿಯನ್ನು, ಹದವಾಗಿ ಕುದಿಸಿದ ಹೆಂಗಸರ ಹೆಸರು ಮನೆಯ ವಂಶವೃಕ್ಷದಲ್ಲೂ ಸಿಗುವುದಿಲ್ಲ. ಇದು ನನಗೆ ನೋವಿನ ಸಂಗತಿ.

ಮಠದ ಪಾಕಶಾಲೆ, ಕೋರಿ ರೊಟ್ಟಿ, ಮೂಡೆಯ ಎಲೆ ಎಂದು ಇನ್ನೂ ಬರೆದು ತಂದಿದ್ದೆ. ಅಧ್ಯಕ್ಷರು ಎರಡನೆಯ ಸಲ ಗಡಿಯಾರ ನೋಡಿದರು, ಬಿಡುತ್ತೇನೆ. ವಿದ್ಯಾರ್ಥಿಗಳಿಗೆ ಒಂದು ಕೆಲಸ: ಮನೆಯ ಅಡುಗೆಯನ್ನು ದಾಖಲಿಸುವಾಗ ಅಳತೆಯ ಜೊತೆಗೆ, ಯಾರಿಗಾಗಿ ಏನನ್ನು ಬದಲಿಸಿದಿರಿ ಎಂದೂ ಕೇಳಿ, ಹೇಳಿದವರ ಹೆಸರಿನೊಂದಿಗೆ ಬರೆಯಿರಿ. ಪ್ರಶ್ನೆಗಳಿದ್ದರೆ ಈಗಲೇ ಕೇಳಿಬಿಡಿ, ಎಲೆ ಹಾಕಿದ ಮೇಲೆ ಯಾರೂ ಕೂರುವುದಿಲ್ಲ.