ಚಿಪ್ಸ್ ಪ್ಯಾಕೆಟ್ ಉಬ್ಬುವವರೆಗೂ ಯಾರೂ ಮುಟ್ಟಬಾರದು

ಬೆಳಗಿನ ಜಾವ ನಾಲ್ಕು ಹತ್ತು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ತಾಹೋ ಸರೋವರದ ಕಡೆಯ ಬೆಟ್ಟಕ್ಕೆ ಸ್ಕೀ ಮಾಡಲು ಹೊರಟಿದ್ದೇವೆ, ಇದು ಅದರ ವಿಡಿಯೋ. ನಮ್ಮ ಗ್ಯಾರೇಜಿನ ಬಲ್ಬು ಅಷ್ಟೇ ಬೆಳಕು ಕೊಡುವುದು, ಅದಕ್ಕೇ ನನ್ನ ಮುಖ ಹೀಗೆ ಕಾಣುತ್ತಿದೆ. ಬೇರೆ ಕಾರಣವೂ ಇರಬಹುದು, ಬಿಡಿ.

ಸ್ಕೀ ಕಟ್ಟುವುದು, ಬ್ಯಾಗ್ ತುಂಬುವುದು, ಎಲ್ಲ ನೀವೇ ನೋಡುತ್ತಿದ್ದೀರಿ. ಬೂಟುಗಳ ಬಗ್ಗೆ ಮಾತ್ರ ಒಂದು ಮಾತು. ಅವು ಡಿಕ್ಕಿಗೆ ಹೋಗುವುದಿಲ್ಲ. ಡಿಕ್ಕಿಯಲ್ಲಿ ಇಟ್ಟರೆ ಮೇಲೆ ಹೋಗುವಷ್ಟರಲ್ಲಿ ಪ್ಲಾಸ್ಟಿಕ್ ತಣ್ಣಗಾಗಿ ಕಲ್ಲಾಗಿರುತ್ತದೆ, ಕಾಲು ತೂರಿಸಲು ಇಬ್ಬರು ಹಿಡಿದುಕೊಳ್ಳಬೇಕು. ಹಾಗಾಗಿ ನಮ್ಮ ಕಾರಿನಲ್ಲಿ ಹೀಟರ್ ಮುಂದಿನ ಜಾಗ ಬೂಟುಗಳದ್ದು, ಮಿಕ್ಕಿದ್ದು ಮನುಷ್ಯರದ್ದು. ವಾಸನೆ ಬರುವುದಿಲ್ಲವಾ? ಬರುತ್ತದೆ. ಅಭ್ಯಾಸ ಆಗಿದೆ.

ಇನ್ನು ಡ್ಯಾಶ್‌ಬೋರ್ಡ್ ಮೇಲೆ ಕೂತಿರುವ ಈ ಮಹಾನುಭಾವ. ಆಲೂ ಚಿಪ್ಸ್, ಮಾಮೂಲಿ ಉಪ್ಪಿನದು. ಹಳೆಯ ಸಬ್‌ಸ್ಕ್ರೈಬರ್‌ಗಳಿಗೆ ಗೊತ್ತು, ಹೊಸಬರಿಗೆ ಹೇಳುತ್ತೇನೆ. ಪ್ಯಾಕೆಟ್ ಇಲ್ಲಿ, ಸಮುದ್ರ ಮಟ್ಟದಲ್ಲಿ, ಸುಕ್ಕುಸುಕ್ಕಾಗಿದೆ. ಮೇಲೆ ಹೋದ ಹಾಗೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ನಮ್ಮ ದಾರಿಯ ಅತಿ ಎತ್ತರದ ಜಾಗ ಡಾನರ್ ಸಮ್ಮಿಟ್, ಅದನ್ನು ಮುಟ್ಟುವ ಹೊತ್ತಿಗೆ ಇದು ದಿಂಬಿನ ಹಾಗೆ ಉಬ್ಬಿರುತ್ತದೆ. ಅಲ್ಲಿ, 7,239 ಅಡಿಯಲ್ಲಿ, ಒಡೆಯಬೇಕು. ಅದಕ್ಕೂ ಮುಂಚೆ ಯಾರೂ ಕೈ ಹಾಕುವ ಹಾಗಿಲ್ಲ. ಈ ಕಾನೂನು ಮಾಡಿದ್ದು ನಾನೇ. ಆರು ಚಳಿಗಾಲದಿಂದ ಒಂದು ಸಲವೂ ಮುರಿದಿಲ್ಲ.

ಹೂಂ. ಈ ಮಾತು ನೆನಪಿಟ್ಟುಕೊಳ್ಳಿ.

ಬೆನಿಶಿಯಾ ಸೇತುವೆ. ಸೇತುವೆ ದಾಟುವ ತನಕ ಬಾಯಿಗೆ ನೀರು ಬಿಟ್ಟು ಬೇರೇನೂ ಹಾಕಬಾರದು. ಇದು ನನ್ನ ಗಂಡನ ನಿಯಮ. ಯಾಕೆ ಅಂತ ಅವನಿಗೂ ಗೊತ್ತಿಲ್ಲ. ಹಿಂದಿನ ಸೀಟಿನಲ್ಲಿ ತಂಗಿ ನಿದ್ದೆ ಮಾಡುತ್ತಿದ್ದಾಳೆ, ಅವಳಿಗೆ ಯಾವ ನಿಯಮವೂ ಅನ್ವಯಿಸುವುದಿಲ್ಲ.

ವಾಕವಿಲ್. ಈ ಹೆಸರು ಕೇಳಿದರೆ ಹಸುವಿನ ಊರು ಅನ್ನಿಸುತ್ತದೆ, ಸ್ಪ್ಯಾನಿಷ್‌ನಲ್ಲಿ ವಾಕಾ ಅಂದರೆ ಹಸುವೇ. ಆದರೆ ಇದು ವಾಕಾ ಅನ್ನುವ ಮನೆತನದ ಹೆಸರು. ಈಗ ಕಾಣುವ ಶಾಪಿಂಗ್ ಜಾಗ ಇದೆಯಲ್ಲ, ನಟ್ ಟ್ರೀ, ಅದು ಶುರುವಾಗಿದ್ದು 1921ರಲ್ಲಿ, ರಸ್ತೆ ಬದಿಯ ಹಣ್ಣಿನ ಅಂಗಡಿಯಾಗಿ. ಆಮೇಲೆ ದೊಡ್ಡ ರೆಸ್ಟೋರೆಂಟ್ ಆಯಿತು. ತಾಹೋ ಕಡೆ ಹೋಗುವವರು, ಬರುವವರು ಇಲ್ಲಿ ನಿಲ್ಲಿಸದೇ ಹೋಗುತ್ತಿರಲಿಲ್ಲವಂತೆ. 1996ರಲ್ಲಿ ಮುಚ್ಚಿತು. ಈಗ ಇರುವುದು ಹೆಸರು ಮತ್ತು ಮಕ್ಕಳು ಕೂರುವ ಪುಟ್ಟ ರೈಲು. ಅಂದರೆ ಸ್ಕೀಗೆ ಹೋಗುವ ನೆಪದಲ್ಲಿ ವಾಕವಿಲ್‌ನಲ್ಲಿ ತಿನ್ನುವುದು ನಮ್ಮ ಆವಿಷ್ಕಾರ ಏನಲ್ಲ.

ನಾವು ನಿಲ್ಲಿಸುವುದು ಡೋನಟ್ ಅಂಗಡಿಗೆ. ಇಷ್ಟು ಹೊತ್ತಿಗೆ ಬಿಸಿ ಏನಾದರೂ ಸಿಗುವುದು ಅಲ್ಲಿ ಮಾತ್ರ. ನೋಡಿ, ಅದೇ ಗುಲಾಬಿ ಡಬ್ಬಿ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಸಣ್ಣ ಡೋನಟ್ ಅಂಗಡಿಗಳಲ್ಲಿ ಬಹಳಷ್ಟನ್ನು ನಡೆಸುವವರು ಕಾಂಬೋಡಿಯಾದಿಂದ ನಿರಾಶ್ರಿತರಾಗಿ ಬಂದವರ ಕುಟುಂಬಗಳು. ಬಿಳಿ ಡಬ್ಬಿಗಿಂತ ಗುಲಾಬಿ ಕಾಗದ ಸ್ವಲ್ಪ ಅಗ್ಗ ಅಂತ ಶುರುವಾಗಿದ್ದು, ಈಗ ಅದೇ ಗುರುತು. ನನಗೆ ಮೇಪಲ್ ಬಾರ್, ಅಂದರೆ ಮೇಪಲ್ ಸಿಹಿ ಬಳಿದ ಉದ್ದನೆಯ ಡೋನಟ್. ಬೇರೆ ದಿನ ತಿಂದರೆ ಸಿಹಿ ಜಾಸ್ತಿ ಅಂತ ಅರ್ಧ ಬಿಡುತ್ತೇನೆ. ಸ್ಕೀ ದಿನ ಡಬ್ಬಿಯ ಮೂಲೆಯನ್ನೂ ಕೆರೆಯುತ್ತೇನೆ.

ಇಲ್ಲಿ ಕತ್ತಲೆ, ಇಲ್ಲೂ ಕತ್ತಲೆ, ಇದು ಡೇವಿಸ್, ಇದು ಯೋಲೋ ಕಾಸ್‌ವೇ, ಮಳೆ ಜಾಸ್ತಿಯಾದರೆ ಎರಡೂ ಕಡೆ ನೀರು ನಿಲ್ಲುತ್ತದೆ, ಕತ್ತಲಲ್ಲಿ ಏನೂ ಕಾಣದು. ಸ್ಯಾಕ್ರಮೆಂಟೊ. ಮುಂದೆ.

ಆಬರ್ನ್. ಸಾಮಾನ್ಯವಾಗಿ ಇಲ್ಲಿ ಇಳಿದು ಮೊಟ್ಟೆ, ಆಲೂಗಡ್ಡೆ, ಎರಡು ಲೋಟ ಕಾಫಿ, ಕೊನೆಯ ಸ್ವಚ್ಛ ಬಾತ್‌ರೂಮ್. ಇವತ್ತು ಇಳಿಯಲಿಲ್ಲ. ಕ್ಯಾಲ್‌ಟ್ರಾನ್ಸ್ ಅಂದರೆ ಇಲ್ಲಿನ ಹೆದ್ದಾರಿ ಇಲಾಖೆ, ಅದರ ಕ್ವಿಕ್‌ಮ್ಯಾಪ್ ಆ್ಯಪ್‌ನಲ್ಲಿ ಚೈನ್ ಕಂಟ್ರೋಲ್ ಅಂತ ತೋರಿಸುತ್ತಿತ್ತು, ಅಂದರೆ ಹಿಮದಲ್ಲಿ ಜಾರದಂತೆ ಟೈರಿಗೆ ಚೈನ್ ಹಾಕಿದ್ದಾರಾ ಅಂತ ಗಾಡಿ ತಡೆದು ನೋಡುವುದು. ಸಾಲು ಬೆಳೆಯುವ ಮುಂಚೆ ಮುಟ್ಟಿಬಿಡೋಣ, ತಿಂಡಿ ಬೆಟ್ಟದಾಚೆಯ ಟ್ರಕಿ ಊರಿನಲ್ಲಿ ಮಾಡೋಣ ಅಂತ ನನ್ನ ಗಂಡ ಅಂದ. ನಾನು ಒಪ್ಪಿದೆ. ಒಪ್ಪಿದ್ದು ಕ್ಯಾಮೆರಾದಲ್ಲಿ ಇದೆ, ಇಲ್ಲದಿದ್ದರೆ ಇಲ್ಲ ಅನ್ನುತ್ತಿದ್ದೆ.

ಕೋಲ್‌ಫ್ಯಾಕ್ಸ್, ಗೋಲ್ಡ್ ರನ್, ಆಲ್ಟಾ. ಬೆಳಕಾಯಿತು. ಪ್ಯಾಕೆಟ್ ನೋಡಿ, ಸುಕ್ಕು ಹೋಗಿದೆ. ಕಿವಿ ಕಟ್ಟಿಕೊಂಡು ಎಲ್ಲರೂ ಆಕಳಿಸುತ್ತಿದ್ದಾರೆ.

ಮತ್ತೆ ಇದು ನಯಾಕ್. ಸುಮಾರು 5,300 ಅಡಿ. ಸಾಲು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕಾರೂ ನಿಂತಿತ್ತು, ಹಾಗಾಗಿ ನ್ಯಾಯವೇ.

ಇವತ್ತು ಆರ್-2 ಅನ್ನುವ ಚೈನ್ ನಿಯಮ. ಅಂದರೆ ನಾಲ್ಕೂ ಚಕ್ರಕ್ಕೆ ಸ್ನೋ ಟೈರ್ ಇರುವ ಫೋರ್ ವೀಲ್ ಡ್ರೈವ್ ಗಾಡಿಗಳಿಗೆ ವಿನಾಯಿತಿ, ಮಿಕ್ಕವರೆಲ್ಲ ಚೈನ್ ಹಾಕಬೇಕು. ನಮ್ಮದು ಫ್ರಂಟ್ ವೀಲ್ ಡ್ರೈವ್ ಸೆಡಾನ್. ಚೈನ್ ನಮ್ಮ ಹತ್ತಿರ ಇದೆ, ಚಿಂತೆ ಇಲ್ಲ, ಅಂತ ನಾನು ಎಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ ನೋಡಿ. ಡಿಕ್ಕಿ ತೆಗೆದೆ. ಡಬ್ಬಿ ತೆಗೆದೆ. ಹಳದಿ ಜಾಕೆಟ್ ಹಾಕಿಕೊಂಡು, ಎದೆ ಮೇಲೆ ನಂಬರ್ ಇರುವ ಚೈನ್ ಹಾಕುವವನೊಬ್ಬ ಬಂದ. ಡಬ್ಬಿ ನೋಡಿದ, ಟೈರ್ ನೋಡಿದ, ತಲೆ ಅಲ್ಲಾಡಿಸಿದ. ಎರಡು ಸೆಕೆಂಡ್. ಚೈನ್ ನಮ್ಮ ಹಳೆಯ ಕಾರಿನದು. ಅದರದ್ದು 15 ಇಂಚಿನ ಚಕ್ರ, ಇದರದ್ದು 17. ಸೆಪ್ಟೆಂಬರ್‌ನಲ್ಲಿ ಕಾರು ಬದಲಾಯಿಸಿದೆವು, ಡಿಕ್ಕಿಯಲ್ಲಿದ್ದ ಸಾಮಾನು ಹಾಗೇ ಎತ್ತಿ ಈ ಡಿಕ್ಕಿಗೆ ಹಾಕಿದೆವು. ಟೈರಿನ ಪಕ್ಕದಲ್ಲೇ ಅಳತೆ ಬರೆದಿರುತ್ತದೆ, ಬಗ್ಗಿ ಓದಿದ್ದರೆ ಆಗುತ್ತಿತ್ತು. ಯಾರೂ ಬಗ್ಗಲಿಲ್ಲ.

ಅವನ ಹತ್ತಿರವೇ ಒಂದು ಜೊತೆ ಕೊಳ್ಳೋಣ ಅಂದರೆ, ಅವರು ಚೈನ್ ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಕ್ಯಾಲ್‌ಟ್ರಾನ್ಸ್ ಅವರಿಗೆ ಕೊಡುವುದು ಹಾಕಿಕೊಡುವ ಪರ್ಮಿಟ್ ಮಾತ್ರ. ಕೂಲಿ ಎಷ್ಟು ಅನ್ನುವುದು ಅವರವರ ಇಷ್ಟ. ಸರಿ ಅಂತ ಹಿಮದಲ್ಲಿ ನಡೆದುಕೊಂಡು ಅಂಗಡಿಗೆ ಹೋದೆ. 135 ಡಾಲರ್! ಕೆಳಗೆ ಊರಿನಲ್ಲಿ ಇದೇ ಥರದ್ದನ್ನು 70ಕ್ಕೆ ನೋಡಿದ ನೆನಪು. ಆದರೆ ಬೆಟ್ಟದ ಮೇಲೆ, ಹಿಮ ಬೀಳುವಾಗ, ಹೊರಗೆ ಇಪ್ಪತ್ತು ಕಾರು ಕಾಯುತ್ತಿರುವಾಗ ಯಾರು ಚೌಕಾಸಿ ಮಾಡುತ್ತಾರೆ? ನಾನು ಮಾಡಿದೆ. ಕೌಂಟರ್‌ನಲ್ಲಿದ್ದ ಹುಡುಗ ನನ್ನನ್ನು ನೋಡಿ, ನನ್ನ ಹಿಂದಿನವರಿಗೆ ಬನ್ನಿ ಅಂದ.

ಅದರ ಮೇಲೆ ಚೈನ್ ಹಾಕುವ ಕೂಲಿ 40 ಡಾಲರ್. ಇಲ್ಲಿ ನಾನು ಬಡಬಡಿಸುತ್ತಿರುವುದು ಕೇಳುತ್ತಿದೆಯಲ್ಲ, ಐದು ನಿಮಿಷದ ಕೆಲಸಕ್ಕೆ ನಲವತ್ತಾ, ಇದು ಹಗಲು ದರೋಡೆ, ಅದೂ ಇದೂ. ಈಗ ಮುಂದಿನ ಶಾಟ್ ನೋಡಿ. ಆ ಮನುಷ್ಯ ಕೊಚ್ಚೆ ಹಿಮದಲ್ಲಿ ಅಂಗಾತ ಮಲಗಿದ್ದಾನೆ. ಕೈ ಟೈರಿನ ಹಿಂದೆ. ಕಾಲರ್ ಒಳಗೆ ನೀರು ಇಳಿಯುತ್ತಿದೆ. ಪಕ್ಕದಲ್ಲೇ ಲಾರಿ ಕೆಸರು ಎರಚಿಕೊಂಡು ಹೋಯಿತು. ನಲವತ್ತು ಏನೇನೂ ಅಲ್ಲ. ಐದು ಡಾಲರ್ ಟಿಪ್ ಕೊಟ್ಟೆ. ಈಗ ಎಡಿಟ್ ಮಾಡುವಾಗ ಹತ್ತು ಕೊಡಬೇಕಿತ್ತು ಅನ್ನಿಸುತ್ತಿದೆ.

ಆದರೆ 135 ಮಾತ್ರ ದರೋಡೆಯೇ. ಅದರಲ್ಲಿ ನನ್ನ ಮನಸ್ಸು ಬದಲಾಗಿಲ್ಲ.

ಇಷ್ಟೆಲ್ಲ ಆಗುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಮೇಪಲ್ ಬಾರ್ ಹೊಟ್ಟೆಯಲ್ಲಿ ಎಲ್ಲೂ ಇಲ್ಲ. ಕಾರಿನಲ್ಲಿ ಒಣ ಡೋನಟ್ ಚೂರು ಮತ್ತು ಬೂಟಿನ ವಾಸನೆ. ಆಗ ನನ್ನ ಗಂಡ, ಸಮಾಧಾನ ಮಾಡಲಿಕ್ಕಂತೆ, ಇಲ್ಲೇ ಯೂಬಾ ಗ್ಯಾಪ್ ಹತ್ತಿರ 1952ರ ಜನವರಿಯಲ್ಲಿ ರೈಲೊಂದು ಹಿಮದಲ್ಲಿ ಹೂತುಹೋದ ಕಥೆ ತೆಗೆದ. ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊ ಅನ್ನುವ ರೈಲು. 226 ಜನ. ಮೂರು ದಿನ ಸಿಕ್ಕಿಕೊಂಡಿದ್ದರು. ಆ ಚಳಿಗಾಲದಲ್ಲಿ ಡಾನರ್ ಸಮ್ಮಿಟ್ ಹತ್ತಿರದ ಸ್ನೋ ಲ್ಯಾಬ್‌ನಲ್ಲಿ ಅಳೆದ ಹಿಮ 812 ಇಂಚು, ಅಲ್ಲಿ ಇವತ್ತಿಗೂ ಅದೇ ದಾಖಲೆ. 2022-23ರಲ್ಲಿ ಎಲ್ಲರೂ ಬಾಯಿ ಬಾಯಿ ಬಡಿದುಕೊಂಡೆವಲ್ಲ, ಅದು 754. ಒಳ್ಳೆಯ ಮಾಹಿತಿ. ಹಸಿದವರಿಗೆ ಹೇಳುವ ಮಾಹಿತಿ ಅಲ್ಲ.

ಮತ್ತೆ ಈ ಶಾಟ್. ಡ್ಯಾಶ್‌ಕ್ಯಾಮ್ ಒಳಗಡೆಯೂ ರೆಕಾರ್ಡ್ ಮಾಡುತ್ತದೆ ಅನ್ನುವುದು ನನಗೆ ಮರೆತೇ ಹೋಗಿತ್ತು.

ಗಂಡ ಹೊರಗೆ, ಚಕ್ರ ನೋಡುತ್ತಿದ್ದಾನೆ. ತಂಗಿ ನಿದ್ದೆ. ನಾನು ಎಡಗಡೆ ನೋಡಿದೆ. ಬಲಗಡೆ ನೋಡಿದೆ. ಕೈ ಹೋಯಿತು. ಟಪ್ ಅಂತ ಸದ್ದು ಬರಬಾರದು ಅಂತ ಬೂಟಿನ ಬಕಲ್‌ನ ಚೂಪು ತುದಿಯಿಂದ ಪ್ಯಾಕೆಟ್‌ಗೆ ಸಣ್ಣ ತೂತು ಮಾಡುತ್ತಿದ್ದೇನೆ. ಇದು ಯಾವ ಸಂಸ್ಕಾರ ಅಂತ ಕೇಳಬೇಡಿ. ಸುಸ್ಸ್ ಅಂತ ಗಾಳಿ ಹೋಯಿತು. ಅಂದರೆ ಸಮ್ಮಿಟ್‌ಗೆ ಇನ್ನೂ ಹತ್ತಿರ ಹತ್ತಿರ ಎರಡು ಸಾವಿರ ಅಡಿ ಇರುವಾಗಲೇ, ಆರು ವರ್ಷದ ನಿಯಮ, ನಿಯಮ ಮಾಡಿದವಳ ಕೈಯಲ್ಲೇ ಹೋಯಿತು.

ತಂಗಿ ಕಣ್ಣು ಬಿಡಲಿಲ್ಲ. ಕೈ ಮಾತ್ರ ಮುಂದೆ ಚಾಚಿದಳು.

ಚೈನ್ ಹಾಕಿದರೆ 25, 30 ಮೈಲಿ ವೇಗ ಅಷ್ಟೇ. ಹಲ್ಲು ಕಡಿದ ಹಾಗೆ ಸದ್ದು, ಅದಕ್ಕೆ ಇಲ್ಲಿ ಆಡಿಯೋ ತೆಗೆದಿದ್ದೇನೆ. ಸಿಸ್ಕೊ ಗ್ರೋವ್, ಕಿಂಗ್‌ವೇಲ್, ಸೋಡಾ ಸ್ಪ್ರಿಂಗ್ಸ್. ಮತ್ತೆ ಡಾನರ್ ಸಮ್ಮಿಟ್. ಇಲ್ಲಿ ನಮ್ಮ ಇನ್ನೊಂದು ನಿಯಮ: ಹಸಿವಿನ ಜೋಕ್ ಮಾಡಬಾರದು. 1846ರ ಚಳಿಗಾಲದಲ್ಲಿ ಈ ಕಣಿವೆಯಲ್ಲಿ ಸಿಕ್ಕಿಕೊಂಡ ಡಾನರ್ ತಂಡ ಅನ್ನುವ ವಲಸಿಗರ ಕಥೆ ಇಲ್ಲಿ ಎಲ್ಲರಿಗೂ ಗೊತ್ತು, ಹಸಿವು ತಾಳದೆ ಕೆಲವರು ಸತ್ತವರನ್ನೇ ತಿಂದರು. 87 ಜನರಲ್ಲಿ 48 ಜನ ಮಾತ್ರ ಉಳಿದರು. ಟೀ ಶರ್ಟ್ ಮೇಲೆಲ್ಲ ಆ ಜೋಕ್ ಹಾಕಿ ಮಾರುತ್ತಾರೆ. ನನಗೆ ಆಗುವುದಿಲ್ಲ. ಇಲ್ಲಿ ನಾವು ಸುಮ್ನೆ ಕೂರುತ್ತೇವೆ, ಅಷ್ಟೇ. ಇವತ್ತು ಸುಮ್ಮನಿರುವುದು ಸುಲಭವಾಗಿತ್ತು, ಯಾಕೆಂದರೆ ನನ್ನ ಗಂಡ ಆಗಲೇ ಪ್ಯಾಕೆಟ್ ನೋಡಿದ್ದ.

ಟ್ರಕಿ ದಾಟಿ ಪ್ಯಾಲಿಸೇಡ್ಸ್, ನಾವು ಸ್ಕೀ ಮಾಡುವ ರೆಸಾರ್ಟ್. 1960ರ ಚಳಿಗಾಲದ ಒಲಿಂಪಿಕ್ಸ್ ಆದ ಜಾಗ. ಸ್ಕೀ ಮಾಡಿದ್ದೂ ಇದೆ, ತಗೊಳ್ಳಿ, ಬಿದ್ದೆ, ಎದ್ದೆ, ಮುಗಿಯಿತು.

ವಾಪಸ್. ಚೈನ್ ತೆಗೆಯುವ ಕೂಲಿ 20 ಡಾಲರ್ ಅಂದರು. ಹಾಕುವಾಗ ಏನು ಹೇಳಿದ್ದೆ, ಏನೇನೂ ಅಲ್ಲ ಅಂತ, ಅಲ್ವಾ? ತೆಗೆಯುವುದಕ್ಕೆ ಇಪ್ಪತ್ತು ಕೊಡುವುದು ಮಾತ್ರ ಆಗಲಿಲ್ಲ. ನಾನೇ ತೆಗೆದೆ. ನಲವತ್ತು ನಿಮಿಷ. ಕೈ ನೋಡಿ, ಇದ್ದಿಲು ಹೊತ್ತವರ ಹಾಗಿದೆ. ಈ ಕೈಯಲ್ಲೇ ಆಬರ್ನ್‌ನ ಇಕೀಡಾಸ್ ಅನ್ನುವ ಪೈ ಅಂಗಡಿ ಒಳಗೆ ಹೋದೆ.

ಹೋದ ವರ್ಷದ ವಿಡಿಯೋದಲ್ಲಿ ಪೈ ತಿನ್ನಲು ಹೆದ್ದಾರಿ ಬಿಟ್ಟು ಇಳಿಯುವವರು ದಡ್ಡರು ಅಂದಿದ್ದೆ. ಕಾಮೆಂಟ್‌ನಲ್ಲಿ ಬೈಸಿಕೊಂಡಿದ್ದೆ ಕೂಡ. ಆ ಮಾತು ವಾಪಸ್ ತೆಗೆದುಕೊಂಡಿದ್ದೇನೆ. ಸೇಬಿನ ಪೈ, ಪೂರ್ತಿ ಒಂದು. ಮನೆಗೆ ಅಂತ ಕೊಂಡಿದ್ದು. ಡೇವಿಸ್ ಬರುವಷ್ಟರಲ್ಲಿ ಹೀಗಿದೆ.

ಇನ್ನೊಂದು ತೋರಿಸುತ್ತೇನೆ. ಸಮ್ಮಿಟ್‌ನಲ್ಲಿ ನೀರು ಕುಡಿದು ಮುಚ್ಚಳ ಬಿಗಿ ಮಾಡಿಟ್ಟ ಖಾಲಿ ಬಾಟಲ್ ಇದು. ಈಗ ನೋಡಿ, ಹೊರಗಿನ ಒತ್ತಡಕ್ಕೆ ಒಳಗೆ ಕುಗ್ಗಿ ಕುಗ್ಗಿ ನುಲಿದುಕೊಂಡಿದೆ. ಪ್ಯಾಕೆಟ್ ಹಾಳು ಮಾಡಿದ್ದಕ್ಕೆ ಇದು ಪರಿಹಾರ ಅಂದೆ. ಬಾಟಲ್ ತಿನ್ನಲಿಕ್ಕಾಗುತ್ತದಾ ಅಂತ ನನ್ನ ಗಂಡ ಕೇಳಿದ. ಮುಂದಿನ ಸಲ ಪ್ಯಾಕೆಟ್ ಹಿಂದಿನ ಸೀಟಿನಲ್ಲಿ ಇರಬೇಕಂತೆ, ತಂಗಿಯ ಕಾವಲಿನಲ್ಲಿ. ಅವಳ ಕೈ ಎಷ್ಟು ಉದ್ದ ಅಂತ ಅವನು ನೋಡಿಲ್ಲ.

ಬೆನಿಶಿಯಾ ಸೇತುವೆ ಬಂತು. ಬ್ಯಾಟರಿ ಕೆಂಪು ತೋರಿಸುತ್ತಿದೆ. ಹಳೆಯ 15 ಇಂಚಿನ ಚೈನ್ ಯಾರಿಗಾದರೂ ಬೇಕಿದ್ದರೆ ಕಾಮೆಂಟ್