ಫ್ಲಮೆಂಕೊ: ಕಲಾವಿದರಿಗೆ ಸ್ಫೂರ್ತಿ ಎಲ್ಲಿಂದ ಬರುತ್ತೆ?

[ಕಪ್ಪು ಪರದೆ. ಬರೀ ಚಪ್ಪಾಳೆ ಸದ್ದು.]

ಒಂದು, ಎರಡು, ಮೂರು! ನಾಲ್ಕು, ಐದು, ಆರು! ಏಳು, ಎಂಟು! ಒಂಬತ್ತು, ಹತ್ತು! ಹನ್ನೊಂದು, ಹನ್ನೆರಡು!

ಇದು ‘ಸೋಲೆಯಾ’. ದಕ್ಷಿಣ ಸ್ಪೇನಿನ ಆಂಡಲೂಸಿಯಾದಲ್ಲಿ ಬೆಳೆದ, ಹಾಡು, ಗಿಟಾರ್, ಕುಣಿತ ಸೇರಿದ ಕಲೆಯಾದ ಫ್ಲಮೆಂಕೊದ ಗಂಭೀರ ಪ್ರಕಾರ. ಹನ್ನೆರಡು ಎಣಿಕೆ, ಒತ್ತು ಬೀಳೋದು 3, 6, 8, 10, 12ರ ಮೇಲೆ. ಇಷ್ಟು ತಲೆಯಲ್ಲಿರಲಿ.

[ಸಣ್ಣ ಮರದ ವೇದಿಕೆ. ಗಾಯಕ, ಗಿಟಾರ್ ವಾದಕ, ನರ್ತಕಿ.]

ಮುಂದಿನ ಸಾಲಲ್ಲಿ ಕೂತರೆ ನರ್ತಕಿಯ ಹಿಮ್ಮಡಿ ಏಟು ಕುರ್ಚಿಯ ಕಾಲು ಹತ್ತಿ ನಮ್ಮ ಬೆನ್ನಿಗೇ ಬರುತ್ತೆ. ಹಾಗಾಗಿ ಕಣ್ಣು ಪಾದದಲ್ಲೇ ಸಿಕ್ಕಿಕೊಳ್ಳುತ್ತೆ. ಆದರೆ ಈಗ ನೋಡಿ, ಗಾಯಕ ಪದ್ಯ ಎತ್ತಿಕೊಂಡ. ಅವಳ ಕಾಲು ಸುಮ್ಮನಾಯ್ತು, ಕೈ ಮಾತ್ರ ನಿಧಾನ ತಿರುಗ್ತಿದೆ. ಅವಳು ಕೇಳಿಸ್ಕೊಳ್ತಿದ್ದಾಳೆ! ಸಾಲು ಮುಗಿಯೋ ಹೊತ್ತಿಗೆ ಪಟಪಟನೆ ಹೆಜ್ಜೆ, ಸರಿಯಾಗಿ ಹತ್ತರ ಮೇಲೆ ನಿಲುಗಡೆ. ಗಿಟಾರೂ ಅಲ್ಲೇ ನಿಂತಿತು. ಮುಂದಿನ ಭಾಗಕ್ಕೆ ಹೋಗೋಣ ಅಂತ ಅವಳು ಹೆಜ್ಜೆಯಲ್ಲೇ ಕರೆ ಕೊಡ್ತಾಳೆ. ಒಟ್ಟಿಗೆ ತಾಲೀಮು ಮಾಡದವರೂ ಆ ಕರೆ ಹಿಡಿದು ಹೊರಡಬಲ್ಲರು.

ಸ್ಫೂರ್ತಿಯ ಮಾತಿಗೆ ಬರೋಣ. 1933ರಲ್ಲಿ ಸ್ಪೇನಿನ ಕವಿ ಫೆಡೆರಿಕೊ ಗಾರ್ಸಿಯಾ ಲೋರ್ಕಾ ಬ್ಯೂನಸ್ ಐರಿಸ್‌ನಲ್ಲಿ ‘ದುಯೆಂದೆ’, ಅಂದರೆ ಕಲಾವಿದರ ಮೈದುಂಬೋ ಆವೇಶದ ಬಗ್ಗೆ ಉಪನ್ಯಾಸ ಕೊಟ್ಟರು. ಕಾವ್ಯದೇವತೆ ಹೊರಗಿಂದ ಬರ್ತಾಳೆ, ದುಯೆಂದೆಯನ್ನ ನಮ್ಮ ರಕ್ತದೊಳಗಿಂದಲೇ ಎಬ್ಬಿಸಬೇಕು ಅನ್ನೋದು ಅವರ ವಾದ.

[ಪಾಸ್ತೋರಾ ಪಾವೋನ್ ಅವರ ಹಳೆಯ ಫೋಟೊ.]

ಅಲ್ಲಿ ಅವರು ಹೇಳಿದ ಪ್ರಸಂಗ ಇದು. ಕಾದಿಸ್ ಊರಿನ ಒಂದು ಹೆಂಡದಂಗಡಿ. ಮಹಾನ್ ಗಾಯಕಿ ಪಾಸ್ತೋರಾ ಪಾವೋನ್ ಹಾಡ್ತಿದ್ದಾರೆ. ಕಂಠ ಅದ್ಭುತ, ಆದರೆ ಕೇಳುಗರು ಮಿಸುಕಲಿಲ್ಲ. ಒಬ್ಬ ಮೆಲ್ಲಗೆ ‘ಪ್ಯಾರಿಸ್‌ಗೆ ಜೈ’ ಅಂತ ಚುಚ್ಚಿದ. ಇಲ್ಲಿ ನಮಗೆ ಬರೀ ಕುಶಲತೆ ಬೇಡ ಅಂತ ಅದರರ್ಥ. ಆಕೆ ದಡಕ್ಕನೆ ಎದ್ದು, ಒಂದು ಲೋಟ ಉರಿಮದ್ಯ ಗಟಗಟ ಕುಡಿದು, ಸುಟ್ಟ ಗಂಟಲಲ್ಲಿ, ದನಿಯನ್ನೇ ಹರಿದುಕೊಂಡು ಹಾಡಿದರು. ಅಂಗಡಿಯಲ್ಲಿದ್ದವರೆಲ್ಲ ಮೈಮರೆತರು.

ಇದನ್ನ ಕೇಳಿ ‘ನೋಡಿ, ಭಾವ ಇದ್ದರೆ ಸಾಕು, ಸಾಧನೆ ಯಾಕೆ?’ ಅನ್ನೋರಿದ್ದಾರೆ. ನಾನಂತೂ ಒಪ್ಪಲ್ಲ. ಪಾಸ್ತೋರಾ ಎಳವೆಯಿಂದಲೇ ಹಾಡ್ತಾ ಬಂದವರು. ತಾಳ ಅಷ್ಟು ಮೈಗೂಡಿದ್ದಕ್ಕೇ ಕಂಠದ ಚಂದವನ್ನ ಕೈಬಿಡೋ ಧೈರ್ಯ ಅವರಿಗೆ ಬಂತು ಅಂತ ನನ್ನ ನಂಬಿಕೆ. ಕೈಬಿಡೋಕೆ ಮೊದಲು ಕೈಯಲ್ಲಿ ಏನಾದರೂ ಇರಬೇಕಲ್ಲ! ಆ ಚುಚ್ಚಿದ ಮನುಷ್ಯನನ್ನೂ ಮರೀಬೇಡಿ, ಕೆಣಕೋ ಕಿವಿ ಎದುರಿಗಿಲ್ಲದಿದ್ದರೆ ಆಕೆ ಆ ರಾತ್ರಿ ಚೆನ್ನಾಗಿ ಹಾಡಿ ಮನೆಗೆ ಹೋಗ್ತಿದ್ದರು.

[ವೇದಿಕೆಯ ದೃಶ್ಯ ಮತ್ತೆ, ಈ ಸಲ ನಿಧಾನಗತಿಯಲ್ಲಿ.]

ಹಾಗಾಗಿ ಈ ಸಲ ನರ್ತಕಿಯನ್ನ ಬಿಡಿ, ಹಿಂದೆ ಕೂತು ಚಪ್ಪಾಳೆ ಹಾಕ್ತಿರೋರನ್ನ ನೋಡಿ. ‘ಓಲೆ’ ಅನ್ನೋ ಮೆಚ್ಚುಗೆಯ ಕೂಗು ಎಲ್ಲಿ ಬೀಳುತ್ತೆ, ಅದು ಬಿದ್ದ ಮೇಲೆ ಅವಳ ಹೆಜ್ಜೆ ಏನಾಗುತ್ತೆ, ಎಣಿಸ್ತಾ ಕೇಳಿ.