ಗುಂಡನ ಬೆನ್ನಿಗೆ ರವಿಕೆ ಹುಕ್ಕು

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಸಾಗರದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡವನು. ನಮ್ಮನೆ ಆಮೆ ಬಿದ್ದು ಬೆನ್ನು ಒಡೆದುಕೊಂಡೂ ಬದುಕಿತು ಅನ್ನುವ ಸುದ್ದಿ ಊರೆಲ್ಲ ಓಡಾಡಿದ್ದಕ್ಕೆ ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಇಗೋ, ಟಬ್ಬಿನಲ್ಲಿ ಕೂತಿದ್ದಾನಲ್ಲ, ಇವನೇ ಗುಂಡ. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇದೆ ನೋಡಿ, ರೆಡ್ ಇಯರ್ಡ್ ಸ್ಲೈಡರ್ ಜಾತಿ, ಮೂಲ ಅಮೆರಿಕದ್ದು. ಇವನು ಅಂತೇನೋ ಅಂದೆ, ಆದರೆ ಇದು ಹೆಣ್ಣು. ಗಂಡಾದರೆ ಮುಂಗಾಲಿನ ಉಗುರು ಉದ್ದ ಇರುತ್ತದಂತೆ. ಅದು ಗೊತ್ತಾಗುವಷ್ಟರಲ್ಲಿ ಹೆಸರು ರೂಢಿಯಾಗಿಬಿಟ್ಟಿತ್ತು.

ಪುನರ್ವಸು ಮಳೆ ಹಿಡಿದಿತ್ತು. ಹತ್ತು ದಿನದಿಂದ ಬಿಸಿಲಿನ ಮುಖ ಕಂಡಿರಲಿಲ್ಲ. ಅವತ್ತು ಒಂದರ್ಧ ಗಂಟೆ ಬಿಸಿಲು ಬಂತು ಅಂತ ಮಗಳು ಇವನನ್ನು ಮಹಡಿ ಕಟ್ಟೆ ಮೇಲೆ ಬಿಟ್ಟು, ಆಮೆ ತಾನೇ, ಎಲ್ಲಿ ಹೋಗುತ್ತದೆ ಅಂದುಕೊಂಡು ಫೋನ್ ತರಲು ಒಳಗೆ ಹೋದಳು. ಬಂದು ನೋಡಿದರೆ ಕಟ್ಟೆ ಖಾಲಿ. ಕೆಳಗೆ ಅಂಗಳದ ಚಪ್ಪಡಿ ಮೇಲೆ ಅಂಗಾತ ಬಿದ್ದಿದ್ದ. ಮಂದರ ಪರ್ವತ ಹೊತ್ತ ವಂಶ, ಹನ್ನೆರಡು ಅಡಿ ತಡೆಯಲಿಲ್ಲ.

ಬೆನ್ನಿನ ಬಲಗಡೆ ಅಂಚಿನಿಂದ ನಡುವಿನ ತನಕ ಬಿರುಕು. ಹತ್ತಿರದಿಂದ ನೋಡಿದರೆ ಒಳಗೆ ನಸುಗೆಂಪು. ಉಸಿರು ಬಿಟ್ಟಾಗೆಲ್ಲ ಆ ಬಿರುಕಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತಿತ್ತು, ಹಾಲು ಕಾಯುವಾಗ ಪಾತ್ರೆ ಅಂಚಿನಲ್ಲಿ ಬರುತ್ತದಲ್ಲ, ಹಾಗೆ. ಆಗ ನಾನು ಮಾಡಿದ್ದೇನು ಗೊತ್ತಾ? ಪಾಪ, ನೀರಿನ ಪ್ರಾಣಿ ಅಂತ ಸೀದಾ ನೀರಿಗೆ ಬಿಟ್ಟೆ.

ಅದೊಂದು ಮಾತ್ರ ಮಾಡಬೇಡಿ. ಚಿಪ್ಪು ಅಂದರೆ ಮೇಲೊಂದು ಡಬ್ಬಿ, ಒಳಗೆ ಆಮೆ, ಹೀಗೆ ನಾವೆಲ್ಲ ಅಂದುಕೊಂಡಿರುತ್ತೇವೆ. ಕಾರ್ಟೂನಿನಲ್ಲಂತೂ ಅಂಗಿ ಕಳಚಿದ ಹಾಗೆ ಹೊರಗೇ ಬಂದುಬಿಡುತ್ತದೆ. ನಿಜವಾಗಿ ಅದರ ಪಕ್ಕೆಲುಬು, ಬೆನ್ನುಮೂಳೆ ಎಲ್ಲ ಅಗಲವಾಗಿ ಹರಡಿ ಕೂಡಿಕೊಂಡು ಆದದ್ದೇ ಬೆನ್ನ ಚಿಪ್ಪು. ಮೇಲಿನ ಪದರ ಕೆರಾಟಿನ್, ನಮ್ಮ ಉಗುರಿನ ಹಾಗೆ. ಅದರಡಿ ಜೀವ ಇರುವ ಮೂಳೆ. ರಕ್ತ ಹರಿಯುತ್ತದೆ, ನರ ಇದೆ, ಒಡೆದರೆ ನೋಯುತ್ತದೆ. ಆ ಮೂಳೆಯ ಕೆಳಗೇ ಶ್ವಾಸಕೋಶ. ನಾನು ಕಂಡ ಗುಳ್ಳೆ ಅಲ್ಲಿಂದ ಬರುತ್ತಿದ್ದ ಗಾಳಿ. ಅಂಥದ್ದನ್ನು ನೀರಿಗೆ ಬಿಟ್ಟರೆ ನೀರು ನೇರ ಒಳಕ್ಕೆ ಹೋಗುತ್ತದೆ.

ಮಾಡಬೇಕಾದ್ದು ಇಷ್ಟೇ. ಸಲೈನ್ ನೀರಿನಲ್ಲಿ ಮಣ್ಣು ಕಸ ಮೆಲ್ಲಗೆ ಒರೆಸಿ, ಬಿರುಕಿನೊಳಗೆ ಸುರಿಯಬೇಡಿ. ಒದ್ದೆ ಮಾಡಿದ ಗಾಜ್ ಬಟ್ಟೆ ಮುಚ್ಚಿ, ಒಣಗಿದ ಟವೆಲ್ ಹಾಸಿದ ಡಬ್ಬದಲ್ಲಿಟ್ಟು ಡಾಕ್ಟರ ಹತ್ತಿರ ಓಡಿ. ನೊಣ ಕೂರದ ಹಾಗೆ ಸೊಳ್ಳೆ ಪರದೆಯ ತುಂಡು ಹೊದೆಸಿ. ನಮ್ಮ ಮಳೆಗಾಲದಲ್ಲಿ ನೊಣ ಕೂತರೆ ಹುಳ ಬೀಳಲು ಒಂದು ದಿನ ಸಾಕು. ಆಗ ದನಕ್ಕೆ ಹಾಕುವ ಔಷಧಿಗೆ ಮಾತ್ರ ಕೈ ಹಾಕಬೇಡಿ. ಕೊಟ್ಟಿಗೆ ಇರುವ ಮನೆಯಲ್ಲಿ ಐವರ್ಮೆಕ್ಟಿನ್ ಇದ್ದೇ ಇರುತ್ತದೆ, ದನಕ್ಕೆ ಒಳ್ಳೆಯದೇ, ಆಮೆಗೆ ವಿಷ. ಸಾಯುತ್ತದೆ.

ಇನ್ನು ಅಂಟು. ನಮ್ಮ ಭಾವ ಎಂ-ಸೀಲ್ ಹಿಡಿದುಕೊಂಡೇ ಬಂದಿದ್ದ, "ಭಾವ, ಎರಡು ನಿಮಿಷದ ಕೆಲಸ" ಅಂತ. ಟ್ಯಾಂಕ್ ಸೋರಿದರೆ ಹಚ್ಚುವುದಲ್ವಾ, ಅವನ ಲೆಕ್ಕದಲ್ಲಿ ಇದೂ ಹಾಗೇ. ಕೊಳಕು ಒಳಗಿಟ್ಟು ಮೇಲೆ ಮುಚ್ಚಿದರೆ ಒಳಗೇ ಕೀವಾಗುತ್ತದೆ, ಹೊರಗೆ ಮಾತ್ರ ಚೆಂದ ಕಾಣುತ್ತದೆ. ಅರಿಶಿನ ಮೆತ್ತುವುದೂ ಬೇಡ, ಹಕ್ಕಳೆ ಕಟ್ಟಿ ಗಾಯವೇ ಕಾಣದ ಹಾಗಾಗುತ್ತದೆ.

ನಮ್ಮ ಡಾಕ್ಟರು ಎಮ್ಮೆ ದನ ನೋಡುವವರು. "ಆಮೆ ನಾನು ನೋಡಿಲ್ಲ ಮಾರಾಯ್ರೇ" ಅಂತ ನೇರವಾಗಿ ಹೇಳಿ, ಗೊತ್ತಿರುವ ಇನ್ನೊಬ್ಬರಿಗೆ ಫೋನ್ ಹಚ್ಚಿದರು. ನನಗೆ ಅವರ ಮೇಲೆ ನಂಬಿಕೆ ಬಂದದ್ದೇ ಆವಾಗ. ಎಕ್ಸ್‌ರೇ ಆಯಿತು. ಮೂರು ದಿನಕ್ಕೊಮ್ಮೆ ಆಂಟಿಬಯಾಟಿಕ್ ಇಂಜೆಕ್ಷನ್, ಅದೂ ಮುಂಗಾಲಿಗೇ. ಆಮೆಗಳಲ್ಲಿ ಹಿಂಗಾಲಿನ ರಕ್ತ ಮೊದಲು ಮೂತ್ರಪಿಂಡದ ಕಡೆ ಹೋಗಬಹುದಂತೆ, ಅದಕ್ಕೆ. ನಾಲ್ಕನೇ ದಿನ ಅವರು ನನ್ನ ಹೆಂಡತಿಗೆ ಕೇಳಿದರು, "ಅಕ್ಕ, ಮನೇಲಿ ರವಿಕೆ ಹುಕ್ಕು ಇದೆಯಾ?" ನಾವು ತಮಾಷೆ ಅಂದುಕೊಂಡೆವು. ಬಿರುಕಿನಿಂದ ಸ್ವಲ್ಪ ದೂರ, ಆಚೆ ಮೂರು ಈಚೆ ಮೂರು ಹುಕ್ಕು ಅಂಟಿಸಿ, ಸಣ್ಣ ತಂತಿ ಎದುರುಬದುರು ಸುತ್ತಿ, ದಿನಾ ಚೂರು ಚೂರೇ ಬಿಗಿ ಮಾಡಿದರು. ಬಿರುಕಿನ ಮೇಲೆ ಒಂದು ಹನಿ ಅಂಟೂ ಬೀಳಲಿಲ್ಲ. ರವಿಕೆ ಬಿಗಿಯಾದ ಹಾಗೆ ಎರಡು ಅಂಚು ಹತ್ತಿರ ಬಂದವು. ಇದು ನಾವೇ ಕಂಡುಹಿಡಿದದ್ದಲ್ಲ ಮತ್ತೆ, ಹೊರದೇಶದಲ್ಲೂ ಆಮೆಗಳಿಗೆ ಹೀಗೆ ಹುಕ್ಕು ಹಾಕುತ್ತಾರೆ.

ಆಮೇಲಿನದು ಬರೀ ಕಾಯುವ ಕೆಲಸ. ಆಮೆಗೆ ಸ್ವಂತ ಮೈಬಿಸಿ ಇಲ್ಲ, ಹೊರಗೆ ಥಂಡಿ ಇದ್ದರೆ ಗಾಯವೂ ಮಾಯುವುದಿಲ್ಲ. ಆಷಾಢದಲ್ಲಿ ನಮ್ಮ ಬಟ್ಟೆಯೇ ಒಣಗುವುದಿಲ್ಲ, ಇವನನ್ನು ಒಣಗಿಸಿಡುವುದು ಹೇಗೆ ಹೇಳಿ? ಅಮ್ಮ ಬಚ್ಚಲೊಲೆ ಹತ್ತಿರ ಇಡು ಅಂದಳು, ಆದರೆ ಆ ಹೊಗೆ ಮೊದಲೇ ಕೆಟ್ಟ ಶ್ವಾಸಕೋಶಕ್ಕೆ ಆಗದು. ಡಬ್ಬದ ಒಂದು ತುದಿಗೆ 40 ವ್ಯಾಟಿನ ಹಳೇ ಬಲ್ಬು ಕಟ್ಟಿ, ಥರ್ಮಾಮೀಟರ್ ಇಟ್ಟು 28 ಡಿಗ್ರಿ ಆಸುಪಾಸು ನೋಡಿಕೊಂಡೆವು. ಕರೆಂಟು ಹೋದ ರಾತ್ರಿ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡುತ್ತಿದ್ದೆವು.

ಊಟದ್ದು ಇನ್ನೊಂದು ರಗಳೆ. ಈ ಜಾತಿ ನೀರಿನಲ್ಲೇ ನುಂಗಬೇಕು, ಒಣಗಿದ ಕಡೆ ಇಟ್ಟರೆ ಗಂಟಲಲ್ಲಿ ಇಳಿಯುವುದಿಲ್ಲ. ಡಾಕ್ಟರು ಆಗಬಹುದು ಅಂದ ಮೇಲೆ ದಿನಕ್ಕೆ ಇಪ್ಪತ್ತು ನಿಮಿಷ, ಬಿರುಕಿಗೆ ತಾಗದಷ್ಟು ಕಡಿಮೆ ನೀರಿನಲ್ಲಿ ಬಿಡುತ್ತಿದ್ದೆವು. ಒಂಬತ್ತು ದಿನ ಏನೂ ಮುಟ್ಟಲಿಲ್ಲ. ಹತ್ತನೇ ದಿನ ಒಂದು ಎರೆಹುಳ ತಿಂದ. ಮಗಳು ಅತ್ತೇಬಿಟ್ಟಳು.

ಹುಕ್ಕು ತೆಗೆದದ್ದು ಮೂರು ತಿಂಗಳಿಗೆ. ಪೂರ್ತಿ ಗಟ್ಟಿಯಾಗಲು ವರ್ಷ ದಾಟಿತು. ಈಗಲೂ ಬಿಳಿ ಗೆರೆ ಕಾಣುತ್ತದೆ, ಬೇಕಾದರೆ ಬಂದು ನೋಡಿ. ಈ ನಡುವೆ ವಾಸನೆ ಬಂದರೆ, ಅಲ್ಲಲ್ಲಿ ಮೆತ್ತಗಾದರೆ ಚಿಪ್ಪು ಕೊಳೆಯುತ್ತಿದೆ ಅಂತ ಅರ್ಥ, ಕಾಯಬೇಡಿ. ಕ್ಯಾಲ್ಸಿಯಂ ಜೊತೆ ಯುವಿಬಿ ಬೆಳಕೂ ಬೇಕು, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ಕಿರಣ. ಕಿಟಕಿ ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ, ಗಾಜು ಅದನ್ನು ತಡೆಯುತ್ತದೆ. ಮಳೆಗಾಲಕ್ಕೆ ಅದರದ್ದೇ ದೀಪ ಸಿಗುತ್ತದೆ.

ರಸ್ತೆಯಲ್ಲಿ ಗಾಡಿ ತಾಗಿದ ಆಮೆ ಸಿಕ್ಕಿದರೂ ಮೊದಲ ಉಪಚಾರ ಇದೇ. ಆದರೆ ನಮ್ಮ ತೋಟ, ಕೆರೆಯ ಆಮೆಗಳನ್ನು ಸಾಕುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಸಿಕ್ಕಿದ ಜಾಗ ಗುರುತಿಟ್ಟುಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿ, ಹುಷಾರಾದ ಮೇಲೆ ಅಲ್ಲಿಗೇ ಬಿಡಬೇಕಾಗುತ್ತದೆ. ಗುಂಡನಂಥವು ಸಾಕಾಯಿತು ಅಂತ ತುಂಗೆಗೋ ಕೆರೆಗೋ ಬಿಡುವುದು ಮಾತ್ರ ಪುಣ್ಯದ ಕೆಲಸ ಅಲ್ಲ. ಇವು ಹೋದ ಕಡೆಯೆಲ್ಲ ಅಲ್ಲಿನ ಆಮೆಗಳ ಜಾಗ, ಊಟ ಎರಡನ್ನೂ ಕಿತ್ತುಕೊಳ್ಳುತ್ತವೆ.

ಸರಿ, ಮಕ್ಕಳು ಆಗಲೇ ಟಬ್ಬಿನ ಹತ್ತಿರ ಬಂದಾಯಿತು. ಮುಟ್ಟಿ, ಪರವಾಗಿಲ್ಲ, ಗೆರೆಯ ಮೇಲೆ ಒತ್ತಬೇಡಿ. ಮುಟ್ಟಿದವರೆಲ್ಲ ಹಿಂದಿನ ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆದುಕೊಂಡೇ ಮಂಡಕ್ಕಿಗೆ ಕೈ ಹಾಕಿ, ಆಮೆ ಮೈಮೇಲೆ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ರೋಗಾಣು ಇರಬಹುದು.